ರೋಟರಿ ಎಂಜಿನ್‌ಗೆ ಸ್ವಯಂ ಕಲಿಕೆಯ ಫ್ಯುಯೆಲ್ ಇಂಜೆಕ್ಷನ್: ಯಾವುದು ಮೊದಲು, ಯಾವುದು ಆಮೇಲೆ

ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ ರೋಟರಿ ಎಂಜಿನ್‌ನ ಹಳೆ ಮಜ್ದಾ ಆರ್‌ಎಕ್ಸ್-7 ಕಾರು ಇಟ್ಟುಕೊಂಡವರಲ್ಲಿ ತುಂಬಾ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಕಾರ್ಬ್ಯುರೇಟರ್ ತೆಗೆದು ಸ್ವಯಂ ಕಲಿಕೆಯ ಥ್ರಾಟಲ್ ಬಾಡಿ ಇಂಜೆಕ್ಷನ್, ಅಂದರೆ ಪೆಟ್ರೋಲಿನ ಅಳತೆಯನ್ನು ಕಂಪ್ಯೂಟರ್ ತಾನೇ ತಿದ್ದಿಕೊಳ್ಳುವ ಕಿಟ್ ಹಾಕುತ್ತಾರೆ. ಮೊದಲ ದಿನ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ದಿನ ಕಳೆದಂತೆ ಐಡಲ್ ಕೆಡುತ್ತದೆ, ಪ್ಲಗ್ ಕಪ್ಪಾಗುತ್ತದೆ. ಕೊನೆಗೆ ಒಂದು ಬೆಳಿಗ್ಗೆ ಎಂಜಿನ್ ಪೆಟ್ರೋಲಿನಲ್ಲಿ ಮುಳುಗಿ ಸ್ಟಾರ್ಟೇ ಆಗುವುದಿಲ್ಲ. ಆಗ ಎಲ್ಲರೂ ಬೈಯುವುದು ಕಿಟ್ಟನ್ನು.

ತಪ್ಪು ಸಾಮಾನ್ಯವಾಗಿ ಕಿಟ್ಟಿನದಲ್ಲ, ಕೆಲಸ ಮಾಡಿದ ಕ್ರಮದ್ದು. ಈ ವ್ಯವಸ್ಥೆ ಕಲಿಯುವುದು ಎಕ್ಸಾಸ್ಟ್‌ನಲ್ಲಿರುವ ಒಂದೇ ಒಂದು ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ನಂಬಿ. ರೋಟರಿ ಎಂಜಿನ್‌ನಲ್ಲಿ ಆ ಸೆನ್ಸರ್‌ಗೆ ತಪ್ಪು ಸುದ್ದಿ ಮುಟ್ಟುವ ದಾರಿಗಳು ಜಾಸ್ತಿ. ಅವನ್ನೆಲ್ಲ ಮುಚ್ಚುವ ಮೊದಲೇ ಕಲಿಕೆ ಶುರು ಮಾಡಿದರೆ ಅದು ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತದೆ.

ಇಲ್ಲಿ ಬರೆದಿರುವುದು 1979ರಿಂದ 1985ರವರೆಗಿನ ಆರ್‌ಎಕ್ಸ್-7ರ ಕಾರ್ಬ್ಯುರೇಟರ್ ಇರುವ 12ಎ ಎಂಜಿನ್‌ಗೆ. ಟರ್ಬೊ ಇಲ್ಲ, ಪೋರ್ಟ್ (ಎಂಜಿನ್‌ಗೆ ಗಾಳಿ ಬಂದುಹೋಗುವ ಬಾಯಿ) ಮೂಲದ್ದು ಅಥವಾ ಸ್ವಲ್ಪ ದೊಡ್ಡದು ಮಾಡಿದ ಸ್ಟ್ರೀಟ್ ಪೋರ್ಟ್. ಮಜ್ದಾದ್ದೇ ಸ್ವಲ್ಪ ದೊಡ್ಡ ರೋಟರಿಯಾದ, ಕಾರ್ಬ್ ಹಾಕಿದ 13ಬಿ ಎಂಜಿನ್‌ಗೂ ಕ್ರಮ ಇದೇ. ಬೇರೆಯಾಗುವ ಅಂಕಿಗಳನ್ನು ಆಯಾ ಜಾಗದಲ್ಲಿ ಕೊಟ್ಟಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಬಿಡಿಭಾಗಕ್ಕೆ ಹಣ ಕೊಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. 1976 ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಸ್ಮಾಗ್ ತಪಾಸಣೆ ಇದೆ. ಬಾನೆಟ್ ತೆಗೆದು ಕಣ್ಣಲ್ಲೂ ನೋಡುತ್ತಾರೆ. ಆ ರಾಜ್ಯದ ಅನುಮೋದನೆ ಸಂಖ್ಯೆ ಇಲ್ಲದ ಇಂಜೆಕ್ಷನ್ ಕಂಡರೆ, ಎಕ್ಸಾಸ್ಟ್‌ಗೆ ಗಾಳಿ ಊದುವ ಏರ್ ಪಂಪ್ ಕಾಣದಿದ್ದರೆ, ಫೇಲ್. ಎಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಅಷ್ಟೇ.

## ಬೇಕಾದ ಉಪಕರಣ

ಟೈಮಿಂಗ್ ಲೈಟ್, ಮಲ್ಟಿಮೀಟರ್, 100 ಪಿಎಸ್‌ಐವರೆಗೆ ತೋರಿಸುವ ಫ್ಯುಯೆಲ್ ಪ್ರೆಶರ್ ಗೇಜ್, ವ್ಯಾಕ್ಯೂಮ್ ಗೇಜ್, ಕಂಪ್ರೆಶನ್ ಟೆಸ್ಟರ್, ವೈರಿಗೆ ಒಳ್ಳೆಯ ಕ್ರಿಂಪರ್. ಎಕ್ಸಾಸ್ಟ್‌ಗೆ ಬಂಗ್ (ಸೆನ್ಸರ್ ಕೂರಿಸುವ ತಿರುಪಿನ ಬಾಯಿ) ಬೆಸುಗೆ ಹಾಕಲು ಕೈ ಪಳಗಿದ ವೆಲ್ಡರ್ ಬೇಕು. ಪೆಟ್ರೋಲ್ ಬೆಂಕಿಗೆ ಆಗುವ ಎಕ್ಸ್‌ಟಿಂಗ್ವಿಶರ್ ಕೈಗೆಟುಕುವ ಜಾಗದಲ್ಲೇ ಇರಲಿ. ಇದು ಕಾರ್ಬ್‌ನ 4 ಪಿಎಸ್‌ಐ ಆಟವಲ್ಲ. 58 ಪಿಎಸ್‌ಐ ಒತ್ತಡದ ಪೆಟ್ರೋಲ್ ಬಿಸಿ ಎಕ್ಸಾಸ್ಟ್‌ನ ಮೇಲೆಯೇ ಹರಿಯುತ್ತದೆ.

## 1. ಮೊದಲು ಎಂಜಿನ್‌ನ ಆರೋಗ್ಯ

ಕಾರ್ಬ್‌ನಲ್ಲಿ ಸರಿಯಾಗಿ ಓಡದ ಎಂಜಿನ್ ಇಂಜೆಕ್ಷನ್‌ನಲ್ಲೂ ಓಡುವುದಿಲ್ಲ. ಕಂಪ್ರೆಶನ್ ನೋಡಿ. ರೋಟರ್‌ಗೆ ಮೂರು ಮುಖ ಇರುವುದರಿಂದ ಮಾಮೂಲಿ ಟೆಸ್ಟರ್ ಮೂರರಲ್ಲಿ ಜಾಸ್ತಿ ಇರುವುದನ್ನು ಮಾತ್ರ ತೋರಿಸುತ್ತದೆ. ರೋಟರಿಗೆಂದೇ ಮಾಡಿದ ಟೆಸ್ಟರ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಮಾಮೂಲಿ ಟೆಸ್ಟರ್‌ನ ವಾಲ್ವ್ ತೆಗೆದು, ಕ್ರ್ಯಾಂಕ್ ಮಾಡುತ್ತಾ ಮುಳ್ಳನ್ನು ಗಮನಿಸಿ. ಮೂರು ನೆಗೆತವೂ ಒಂದೇ ಎತ್ತರಕ್ಕೆ ಬರಬೇಕು. ಎರಡು ಎತ್ತರ, ಒಂದು ಗಿಡ್ಡ ಅಂದರೆ ಸೀಲ್ ಹೋಗಿದೆ.

250 ಆರ್‌ಪಿಎಂನಲ್ಲಿ ಚದರ ಸೆಂಟಿಮೀಟರ್‌ಗೆ 6 ಕೆಜಿಗಿಂತ, ಅಂದರೆ ಸುಮಾರು 85 ಪಿಎಸ್‌ಐಗಿಂತ ಕೆಳಗೆ ಬಂದರೆ, ಅಥವಾ ಮುಖಗಳ ನಡುವೆ 1.5 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಇಲ್ಲೇ ನಿಲ್ಲಿಸಿ. ಕಿಟ್ಟಿನ ದುಡ್ಡನ್ನು ಎಂಜಿನ್ ಬಿಚ್ಚಲು ಇಟ್ಟುಕೊಳ್ಳಿ. ಸೋತ ಮುಖದಲ್ಲಿ ಆಗುವ ಪ್ರತಿ ಮಿಸ್‌ಫೈರ್ (ಬೆಂಕಿ ಹತ್ತದಿರುವುದು) ಕೂಡ ಸೆನ್ಸರ್‌ಗೆ ತಪ್ಪು ಸುದ್ದಿ ಕೊಡುತ್ತದೆ.

## 2. ಸರಿಯಾದ ಅಳತೆಯ ಥ್ರಾಟಲ್ ಬಾಡಿ

ಹಾಲಿ (Holley) ಕಂಪನಿಯ ಸ್ನೈಪರ್, ಫೈಟೆಕ್ ತರಹದ ಕಿಟ್‌ಗಳು ಹುಟ್ಟಿದ್ದೇ ಅಮೆರಿಕದ ವಿ8 ಎಂಜಿನ್‌ಗಳಿಗಾಗಿ. 600 ಹಾರ್ಸ್‌ಪವರ್‌ಗೆ ಸಾಲುವ ದೊಡ್ಡ ಇಂಜೆಕ್ಟರ್‌ಗಳನ್ನು ನೂರು ಚಿಲ್ಲರೆ ಹಾರ್ಸ್‌ಪವರ್‌ನ 12ಎಗೆ ಹಾಕಿದರೆ ಐಡಲ್‌ನಲ್ಲಿ ಅವು ತೆರೆಯುವ ಸಮಯ ತೀರಾ ಚಿಕ್ಕದಾಗುತ್ತದೆ. ಅಷ್ಟು ಚಿಕ್ಕ ಸಮಯದಲ್ಲಿ ಅಳತೆ ನಿಖರವಾಗಿ ಬರುವುದಿಲ್ಲ. ದೊಡ್ಡದೇ ಇರಲಿ ಅಂತ ತಗೊಳ್ಳಬೇಡಿ. ಎರಡು ಬ್ಯಾರಲ್‌ನ (ಗಾಳಿ ಹೋಗುವ ಕೊಳವೆಯ) ಚಿಕ್ಕ ಘಟಕ ಅಥವಾ ಕಡಿಮೆ ಸಾಮರ್ಥ್ಯದ ನಾಲ್ಕು ಬ್ಯಾರಲ್ ಸಾಕು.

ಕಾರಿನ ಜೊತೆ ಬಂದ ನಿಕ್ಕಿ ಕಂಪನಿಯ ಕಾರ್ಬ್ ಕೂರುತ್ತಿದ್ದ ಮ್ಯಾನಿಫೋಲ್ಡ್‌ಗೆ (ಎಂಜಿನ್‌ಗೆ ಗಾಳಿ ಒಯ್ಯುವ ಕವಲು ಪೈಪಿಗೆ) ಈ ಥ್ರಾಟಲ್ ಬಾಡಿಗಳು ನೇರವಾಗಿ ಕೂರುವುದಿಲ್ಲ. ಹಾಲಿ ಕಂಪನಿಯ ಕಾರ್ಬ್‌ನ ಬೋಲ್ಟ್ ಅಂತರವಿರುವ ರೋಟರಿ ಮ್ಯಾನಿಫೋಲ್ಡ್ ಬೇಕು. ರೋಟರಿ ಬಿಡಿಭಾಗದ ಕಂಪನಿ ರೇಸಿಂಗ್ ಬೀಟ್‌ನಂಥವರು ಅದನ್ನು ಮಾಡುತ್ತಾರೆ. ಆರ್‌ಎಕ್ಸ್-7ರ ಬಾನೆಟ್ ತುಂಬಾ ತಗ್ಗು. ಏರ್ ಕ್ಲೀನರ್ ಮೇಲೆ ಮೆತ್ತನೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ನಿಧಾನಕ್ಕೆ ಮುಚ್ಚಿ ತೆಗೆದು ನೋಡಿ. ಒಂದು ಬೆರಳಿನಷ್ಟಾದರೂ ಜಾಗ ಉಳಿಯಬೇಕು.

## 3. ಆಯಿಲ್: ಎಂಜಿನ್ ಸಾಯುವುದು ಇಲ್ಲಿ

ಕಿಟ್ಟಿನ ಜೊತೆ ಬರುವ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಯಾಕೆಂದರೆ ಅದು ಪಿಸ್ಟನ್ ಎಂಜಿನ್ ನೋಡಿ ಬರೆದ ಪುಸ್ತಕ.

12ಎ ಎಂಜಿನ್‌ನ ಮುಂಭಾಗದಲ್ಲಿ ಒಂದು ಪುಟ್ಟ ಆಯಿಲ್ ಮೀಟರಿಂಗ್ ಪಂಪ್ ಇದೆ. ಅಲ್ಲಿಂದ ಎರಡು ಸಣ್ಣ ಕೊಳವೆಗಳು ನಿಕ್ಕಿ ಕಾರ್ಬ್‌ಗೆ ಹೋಗುತ್ತವೆ. ರೋಟರ್‌ನ ಮೂಲೆಗಳಲ್ಲಿರುವ ಅಪೆಕ್ಸ್ ಸೀಲ್‌ಗಳಿಗೆ ಸಿಗುವ ಆಯಿಲ್ ಅದೇ ದಾರಿಯಲ್ಲಿ ಪೆಟ್ರೋಲ್ ಜೊತೆ ಒಳಗೆ ಹೋಗುತ್ತದೆ. ಪಂಪಿನ ಲಿವರ್‌ಗೆ ಕಾರ್ಬ್‌ನಿಂದ ಒಂದು ರಾಡ್ ಕೂಡ ಇದೆ. ಆಕ್ಸಿಲರೇಟರ್ ಒತ್ತಿದಷ್ಟೂ ಆಯಿಲ್ ಜಾಸ್ತಿ. ಕಾರ್ಬ್ ಕಳಚಿದ ಕ್ಷಣವೇ ಕೊಳವೆಗಳೂ ಹೋದವು, ರಾಡೂ ಹೋಯಿತು. ಆದರೂ ಎಂಜಿನ್ ಓಡುತ್ತದೆ. ಮೊದಮೊದಲು ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಒಳಗೆ ಸೀಲ್‌ಗಳು ಒಣಗಿದ ಗೋಡೆಗೆ ಉಜ್ಜುತ್ತಿರುತ್ತವೆ.

ಸುಲಭದ ದಾರಿ ಪ್ರೀಮಿಕ್ಸ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸುವುದು. ಹಳೆ ಯಮಹಾ ಆರ್‌ಎಕ್ಸ್100 ಓಡಿಸಿದವರಿಗೆ ಟೂ-ಸ್ಟ್ರೋಕ್ ಆಯಿಲ್ ಹೊಸದೇನಲ್ಲ. ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಅನ್ನು ಲೀಟರ್ ಪೆಟ್ರೋಲಿಗೆ 8ರಿಂದ 10 ಮಿಲಿ ಲೆಕ್ಕದಲ್ಲಿ ಪ್ರತಿ ಸಲ ಟ್ಯಾಂಕಿಗೆ ಹಾಕಿ. ಆಯಿಲ್ ಮೊದಲು, ಪೆಟ್ರೋಲ್ ಆಮೇಲೆ. ಆಗ ತಾನೇ ಕಲಸಿಕೊಳ್ಳುತ್ತದೆ. ಪಂಪಿನ ಬಾಯಿಗಳನ್ನು ಸರಿಯಾದ ಬೋಲ್ಟ್, ವಾಷರ್ ಹಾಕಿ ಮುಚ್ಚಿ, ಅಥವಾ ಪಂಪನ್ನೇ ತೆಗೆದು ಪ್ಲೇಟ್ ಹಾಕಿ. ಕೊಳವೆಗಳನ್ನು ಸುಮ್ನೆ ಮಡಚಿ ಕಟ್ಟಿಬಿಟ್ಟರೆ ಒಂದು ದಿನ ಬಿಚ್ಚಿಕೊಂಡು ಎಂಜಿನ್ ಆಯಿಲ್ ಎಲ್ಲ ಎಕ್ಸಾಸ್ಟ್ ಮೇಲೆ ಸುರಿಯುತ್ತದೆ.

ಪಂಪ್ ಉಳಿಸಿಕೊಳ್ಳುವುದೂ ಸಾಧ್ಯ. ಕೊಳವೆಗಳನ್ನು ಮ್ಯಾನಿಫೋಲ್ಡ್‌ಗೆ ಕೊಟ್ಟು, ಹೊಸ ಥ್ರಾಟಲ್‌ಗೆ ಹೊಂದುವ ರಾಡ್ ಮಾಡಿಸಬೇಕು. ರಾಡಿನ ಅಳತೆ ತಪ್ಪಿದರೆ ಆಯಿಲ್ ಕಡಿಮೆ ಬೀಳುತ್ತದೆ, ನಮಗೆ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಪ್ರೀಮಿಕ್ಸೇ ಭರವಸೆಯದ್ದು, ಎಷ್ಟು ಹಾಕಿದೆ ಅನ್ನುವುದು ಕೈಯಲ್ಲೇ ಇರುತ್ತದೆ ಅಲ್ವಾ.

## 4. ಪೆಟ್ರೋಲ್ ದಾರಿ

ಕಾರಿನ ಮೂಲ ಪಂಪ್ ಇದಕ್ಕೆ ಆಗುವುದಿಲ್ಲ. ಸುಮಾರು 58 ಪಿಎಸ್‌ಐ ಕೊಡುವ ಇಂಜೆಕ್ಷನ್ ಪಂಪ್ ಬೇಕು. ಅದರ ಮುಂಚೆ 100 ಮೈಕ್ರಾನ್ ಫಿಲ್ಟರ್, ಆಮೇಲೆ 10 ಮೈಕ್ರಾನ್ ಫಿಲ್ಟರ್. ಎರಡನ್ನೂ ಅದಲುಬದಲು ಮಾಡಿದರೆ ಪಂಪ್ ಎಳೆಯಲಾಗದೆ ಬಿಸಿಯಾಗಿ ಸುಡುತ್ತದೆ. ಅದೇ ಹಾರ್ಸ್‌ಪವರ್‌ಗೆ ರೋಟರಿ ಪಿಸ್ಟನ್ ಎಂಜಿನ್‌ಗಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಪಂಪಿನ ಸಾಮರ್ಥ್ಯ ನೋಡುವಾಗ ಇದು ನೆನಪಿರಲಿ.

ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನ್ ಈ ಕಾರಿಗೆ ಮೊದಲೇ ಇದೆ, ಅದು ಅನುಕೂಲ. ಆದರೆ ಸಣ್ಣದು. ಪಂಪ್ ಓಡಿಸಿ, ಎಂಜಿನ್ ನಿಂತಿರುವಾಗ ಗೇಜ್ ನೋಡಿ. ನಿಗದಿಯಾದ ಒತ್ತಡಕ್ಕಿಂತ ಮೇಲೆ ಹೋಗುತ್ತಿದ್ದರೆ ರಿಟರ್ನ್ ಸಾಲುತ್ತಿಲ್ಲ, ದಪ್ಪದ್ದು ಎಳೆಯಬೇಕು. ರಬ್ಬರ್ ಹೋಸ್ ಎಲ್ಲವೂ ಇಂಜೆಕ್ಷನ್ ಒತ್ತಡಕ್ಕೆ ಮಾಡಿದ್ದೇ ಆಗಿರಬೇಕು.

ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿಯುತ್ತದೆ. ಕಾರ್ಬ್‌ನಲ್ಲಿ ಬೌಲ್ ಇತ್ತು, ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್‌ನಲ್ಲಿ ಒತ್ತಡ ಒಮ್ಮೆಲೆ ಬಿದ್ದು, ಲೋಡ್ ಇರುವಾಗಲೇ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಸಾಲದಾಗುತ್ತದೆ. ರೋಟರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ ಒಂದೆರಡು ಲೀಟರಿನ ಪುಟ್ಟ ಸರ್ಜ್ ಟ್ಯಾಂಕ್ ಹಾಕಿಸಿದರೆ ಈ ಚಿಂತೆ ಇಲ್ಲ.

## 5. ಕೂರಿಸುವುದು ಮತ್ತು ಬಿಸಿ

ರೋಟರಿಯಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಬದಿ. ಥ್ರಾಟಲ್ ಬಾಡಿಯ ಕೆಳಗೇ ಎಕ್ಸಾಸ್ಟ್ ಕೆಂಪಗೆ ಕಾಯುತ್ತದೆ. ಕೆಲವು ಕಿಟ್‌ಗಳಲ್ಲಿ ಕಂಪ್ಯೂಟರ್ ಕೂಡ ಥ್ರಾಟಲ್ ಬಾಡಿಗೇ ಅಂಟಿಕೊಂಡಿರುತ್ತದೆ. ಶಾಖ ತಡೆಯುವ ಸ್ಪೇಸರ್, ಮ್ಯಾನಿಫೋಲ್ಡ್ ಕೆಳಗೆ ಹೀಟ್ ಶೀಲ್ಡ್, ಪೆಟ್ರೋಲ್ ಹೋಸಿಗೆ ಹೊದಿಕೆ ಮೂರೂ ಬೇಕು. ಮ್ಯಾನಿಫೋಲ್ಡ್‌ನಲ್ಲಿ ಕೂಲೆಂಟ್ ಹರಿಯುವ ದಾರಿ ಇದ್ದರೆ ಮಾತ್ರ ಅದನ್ನು ಮುಚ್ಚಬೇಡಿ. ಚಳಿಯಲ್ಲಿ ಗೋಡೆಗೆ ಅಂಟಿದ ಪೆಟ್ರೋಲ್ ಆವಿಯಾಗಲು ಆ ಹದ ಬಿಸಿ ಬೇಕು.

ಹಳೆ ವ್ಯಾಕ್ಯೂಮ್ ಪೈಪುಗಳ ಗೂಡನ್ನು ಬಿಡಿಸುವಾಗ ಒಂದೊಂದಕ್ಕೂ ಚೀಟಿ ಅಂಟಿಸಿ. ಉಳಿಯಬೇಕಾದವು ಬ್ರೇಕ್ ಬೂಸ್ಟರ್ ಮತ್ತು ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್. ಮಿಕ್ಕ ಬಾಯಿಗಳಿಗೆ ಗಟ್ಟಿ ಮುಚ್ಚಳ. ಕೆಲಸ ಮುಗಿದ ಮೇಲೆ ಹೊಗೆ ಊದಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ.

## 6. ಎಕ್ಸಾಸ್ಟ್ ಮತ್ತು ಸೆನ್ಸರ್

ನಿಮ್ಮ ಸಮಯದ ಅರ್ಧ ಭಾಗ ಇಲ್ಲಿಗೆ ಇಡಿ. ಕಲಿಕೆ ನಿಂತಿರುವುದೇ ಇದರ ಮೇಲೆ.

ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಉರಿಯದೆ ಉಳಿದ ಆಕ್ಸಿಜನ್ ಅಳೆಯುತ್ತದೆ. ಒಂದು ಮುಖದಲ್ಲಿ ಬೆಂಕಿ ಹತ್ತದಿದ್ದರೆ ಗಾಳಿ, ಪೆಟ್ರೋಲ್ ಎರಡೂ ಹಾಗೇ ಹೊರಗೆ ಬರುತ್ತವೆ. ಸೆನ್ಸರ್‌ಗೆ ಕಾಣುವುದು ಆಕ್ಸಿಜನ್. ಲೀನ್ ಆಗಿದೆ ಅನ್ನುತ್ತದೆ. ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಅದರಿಂದ ಇನ್ನಷ್ಟು ಮಿಸ್‌ಫೈರ್, ಇನ್ನಷ್ಟು ಲೀನ್ ಸುದ್ದಿ, ಇನ್ನಷ್ಟು ಪೆಟ್ರೋಲ್. ಒದ್ದೆ ಸೌದೆಗೆ ಸೀಮೆಎಣ್ಣೆ ಬದಲು ನೀರು ಸುರಿದ ಹಾಗೆ. ರೋಟರಿ ಐಡಲ್‌ನಲ್ಲಿ ಸ್ವಭಾವತಃ ಅಲ್ಲೊಂದು ಇಲ್ಲೊಂದು ಮಿಸ್ ಹೊಡೆಯುತ್ತದೆ. ಪೋರ್ಟ್ ದೊಡ್ಡದಾದಷ್ಟೂ ಜಾಸ್ತಿ. ಮೊದಲ ದಿನ ಚೆನ್ನಾಗಿದ್ದ ಗಾಡಿ ಆಮೇಲೆ ಮುಳುಗುವುದಕ್ಕೆ ಕಾರಣ ಇದೇ.

ಎರಡನೇ ಕಳ್ಳ ಏರ್ ಪಂಪ್. ಮೂಲ ಕಾರಿನಲ್ಲಿ ಅದು ಎಕ್ಸಾಸ್ಟ್ ಪೋರ್ಟ್‌ಗೇ ತಾಜಾ ಗಾಳಿ ಊದುತ್ತದೆ. ಅದನ್ನು ಹಾಗೇ ಬಿಟ್ಟು ಸೆನ್ಸರ್ ಹಾಕಿದರೆ ಯಾವ ಓದೂ ನಿಜವಲ್ಲ. ಆ ಗಾಳಿ ಪೋರ್ಟ್‌ಗೆ ಹೋಗದಂತೆ ಮಾಡಿ, ಬಾಯಿಗೆ ಪ್ಲೇಟ್ ಹಾಕಿ ಮುಚ್ಚಿ. ಮೂರನೆಯದು ಸೋರುವ ಗ್ಯಾಸ್ಕೆಟ್. ಸೆನ್ಸರ್‌ಗಿಂತ ಮುಂಚೆ ಕೂದಲೆಳೆಯಷ್ಟು ಸೋರಿಕೆ ಇದ್ದರೂ ಎಕ್ಸಾಸ್ಟ್ ಬಡಿತದ ನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ.

ಸೆನ್ಸರ್ ಎಲ್ಲಿ ಹಾಕಬೇಕು? ಎರಡು ಪೋರ್ಟ್‌ಗಳ ಪೈಪ್ ಕೂಡಿದ ಮೇಲೆ. ಪುಸ್ತಕದಲ್ಲಿ 18 ಇಂಚು ಅಂತಿದ್ದರೂ ರೋಟರಿಗೆ ಒಂದು ಮೀಟರ್ ದೂರ ಇಡಿ. ಪೋರ್ಟ್ ಹತ್ತಿರದ ಶಾಖ ಬಾಷ್ ಎಲ್‌ಎಸ್‌ಯು 4.9ರಂಥ ಸೆನ್ಸರನ್ನು ಬೇಗ ಮುಗಿಸುತ್ತದೆ. ಪೈಪಿನ ಮೇಲ್ಭಾಗದಲ್ಲಿ, ಗಡಿಯಾರದ 10 ಮತ್ತು 2ರ ನಡುವಿನ ಓರೆಯಲ್ಲಿ ಬಂಗ್ ಬರಲಿ. ಕೆಳಗೆ ಹಾಕಿದರೆ ನೀರು ನಿಂತು ಒಳಗಿನ ಸೆರಾಮಿಕ್ ಒಡೆಯುತ್ತದೆ. ಪವರ್ ಕೊಡದೆ ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಎಂಜಿನ್ ಓಡಿಸಬೇಡಿ, ಮಸಿ ಹಿಡಿದು ಹಾಳಾಗುತ್ತದೆ. ಆಯಿಲ್ ಸುಡುವ ಎಂಜಿನ್ ಇದು, ಸೆನ್ಸರ್ ಆಯಸ್ಸು ಕಡಿಮೆಯೇ. ಡಿಕ್ಕಿಯಲ್ಲಿ ಇನ್ನೊಂದು ಇರಲಿ.

## 7. ವೈರಿಂಗ್ ಮತ್ತು ಇಗ್ನಿಷನ್

ಮುಖ್ಯ ಪವರ್, ಗ್ರೌಂಡ್ ಎರಡೂ ನೇರ ಬ್ಯಾಟರಿ ಟರ್ಮಿನಲ್‌ಗೆ. ಇಗ್ನಿಷನ್ ವೈರಿನಲ್ಲಿ ಕೀ ಆನ್ ಇರುವಾಗ ಮಾತ್ರವಲ್ಲ, ಕ್ರ್ಯಾಂಕ್ ಮಾಡುವಾಗಲೂ 12 ವೋಲ್ಟ್ ಇರಬೇಕು. ಮೀಟರ್ ಇಟ್ಟು ನೋಡಿ. ಕ್ರ್ಯಾಂಕ್‌ನಲ್ಲಿ ಸತ್ತುಹೋಗುವ ವೈರ್ ಹಿಡಿದರೆ ಕಂಪ್ಯೂಟರ್ ಪ್ರತಿ ಸಲ ರೀಸ್ಟಾರ್ಟ್ ಆಗಿ ಮತ್ತೆ ಮತ್ತೆ ಪ್ರೈಮ್ ಪೆಟ್ರೋಲ್ (ಸ್ಟಾರ್ಟ್‌ಗೆ ಮುಂಚೆ ಚಿಮ್ಮಿಸುವ ಪೆಟ್ರೋಲ್) ಸುರಿಯುತ್ತದೆ. ಮುಳುಗಲು ಇದೊಂದೇ ಸಾಕು.

ಒಂದೊಂದು ರೋಟರ್‌ಗೆ ಎರಡು ಪ್ಲಗ್: ಮೊದಲು ಕಿಡಿ ಕೊಡುವುದು ಲೀಡಿಂಗ್, ಆಮೇಲಿನದು ಟ್ರೇಲಿಂಗ್. ಆರ್‌ಪಿಎಂ ಸಿಗ್ನಲ್ ಲೀಡಿಂಗ್ ಕಾಯಿಲ್‌ನ ನೆಗೆಟಿವ್‌ನಿಂದ. ಟ್ರೇಲಿಂಗ್ ಕಾಯಿಲ್‌ನಿಂದ ಬೇಡ. ಸಿಡಿಐ (ಕೆಪಾಸಿಟರ್‌ನಿಂದ ಕಿಡಿ ಕೊಡುವ ಇಗ್ನಿಷನ್) ಬಾಕ್ಸ್ ಹಾಕಿದ್ದರೆ ಕಾಯಿಲ್‌ಗೆ ವೈರ್ ಮುಟ್ಟಿಸಲೇಬೇಡಿ, ಕಂಪ್ಯೂಟರ್ ಸುಟ್ಟೀತು. ಬಾಕ್ಸಿನ ಟ್ಯಾಕೋ ಔಟ್‌ಪುಟ್ ಬಳಸಿ. ಇಗ್ನಿಷನ್‌ನ ವಿದ್ಯುತ್ ಗದ್ದಲ ತಡೆಯಲು ರೆಸಿಸ್ಟರ್ ಪ್ಲಗ್, ಸುರುಳಿ ತಂತಿಯ ಪ್ಲಗ್ ವೈರ್ ಕಡ್ಡಾಯ. ನಾಲ್ಕು ಪ್ಲಗ್ ವೈರ್‌ಗಳಿಂದ ಸೆನ್ಸರ್ ವೈರನ್ನು ದೂರ ಒಯ್ಯಿರಿ.

ಟೈಮಿಂಗ್ ನಿಯಂತ್ರಣವನ್ನು ಈಗಲೇ ಕಂಪ್ಯೂಟರ್‌ಗೆ ಕೊಡಬೇಡಿ. ಡಿಸ್ಟ್ರಿಬ್ಯೂಟರ್ ತನ್ನ ಕೆಲಸ ಮಾಡಲಿ. 12ಎಯಲ್ಲಿ ಐಡಲ್‌ನಲ್ಲಿ ಲೀಡಿಂಗ್ 0 ಡಿಗ್ರಿ, ಟ್ರೇಲಿಂಗ್ ಟಿಡಿಸಿ (ಮಿಶ್ರಣ ಪೂರ್ತಿ ಒತ್ತಿದ ಸ್ಥಾನ) ದಾಟಿ 20 ಡಿಗ್ರಿ ಆದ ಮೇಲೆ. ಲೈಟ್ ಹಿಡಿದು ಎರಡನ್ನೂ ಖಚಿತ ಮಾಡಿಕೊಳ್ಳಿ.

## 8. ಕಂಪ್ಯೂಟರ್‌ಗೆ ಕೊಡುವ ಅಂಕಿ

ರೋಟರಿ ಎಂಬ ಆಯ್ಕೆ ಮೆನುವಿನಲ್ಲಿ ಇಲ್ಲದಿದ್ದರೆ 4 ಸಿಲಿಂಡರ್ ಅಂತ ಕೊಡಿ. ಎರಡು ರೋಟರ್ ಎಂಜಿನ್‌ನಲ್ಲಿ ಶಾಫ್ಟ್ ಒಂದು ಸುತ್ತು ತಿರುಗಿದರೆ ಎರಡು ಸಲ ಉರಿಯುತ್ತದೆ, ನಾಲ್ಕು ಸಿಲಿಂಡರ್ ಫೋರ್-ಸ್ಟ್ರೋಕ್‌ನಲ್ಲೂ ಅಷ್ಟೇ.

ಎಂಜಿನ್ ಸಾಮರ್ಥ್ಯದಲ್ಲಿ ತುಂಬಾ ಜನ ತಪ್ಪುತ್ತಾರೆ. 12ಎ ಅಂದರೆ 1146 ಸಿಸಿ ಅಂತ ಅದನ್ನೇ ಬರೆಯುತ್ತಾರೆ. ಆದರೆ ಈ ಎಂಜಿನ್ ಆ 1146 ಸಿಸಿ ಗಾಳಿಯನ್ನು ಒಂದೇ ಸುತ್ತಿನಲ್ಲಿ ಎಳೆಯುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ ತನ್ನ ಪೂರ್ತಿ ಅಳತೆ ಎಳೆಯಲು ಎರಡು ಸುತ್ತು ತಗೊಳ್ಳುತ್ತದೆ. ಹಾಗಾಗಿ 12ಎಗೆ 2.3 ಲೀಟರ್, ಅಂದರೆ 140 ಘನ ಇಂಚು. 1308 ಸಿಸಿಯ 13ಬಿಗೆ 2.6 ಲೀಟರ್, ಅಂದರೆ 160 ಘನ ಇಂಚು. ಅರ್ಧ ಅಂಕಿ ಕೊಟ್ಟರೆ ಪೆಟ್ರೋಲ್ ಕೂಡ ಅರ್ಧವೇ ಬೀಳುತ್ತದೆ.

ಗಾಳಿ-ಪೆಟ್ರೋಲ್ ಗುರಿ (ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಎಷ್ಟು ಪಾಲು ಗಾಳಿ): ಐಡಲ್‌ಗೆ 12.8ರಿಂದ 13.2, ಸಮ ವೇಗದ ಓಟಕ್ಕೆ 13.5ರಿಂದ 14, ಪೂರ್ತಿ ಆಕ್ಸಿಲರೇಟರ್‌ಗೆ 12ರಿಂದ 12.5. ಮೊದಲಿಂದಲೇ ಬಂದಿರುವ 14.7ನ್ನು ಹಾಗೇ ಬಿಡಬೇಡಿ. ಸ್ಟಾರ್ಟಿಂಗ್ ಪ್ರೈಮ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. ಸಾಲದಿದ್ದರೆ ಸ್ವಲ್ಪ ಸ್ವಲ್ಪ ಏರಿಸಬಹುದು.

ಇನ್ನೊಂದು ಕೆಲಸ ಬಾಕಿ ಇದೆ. ಕಲಿಕೆಯನ್ನು ಆಫ್ ಮಾಡಿ. ಮೊದಲ ಸ್ಟಾರ್ಟ್ ಅದು ಆಫ್ ಇರುವಾಗಲೇ ಆಗಬೇಕು.

## 9. ಮೊದಲ ಸ್ಟಾರ್ಟ್

ಕೀ ಆನ್ ಮಾಡಿ ಪಂಪ್ ಓಡಿಸಿ, ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ಸೋರಿಕೆ ನೋಡಿ. ಕೀಯನ್ನು ಪದೇ ಪದೇ ಆನ್-ಆಫ್ ಮಾಡಬೇಡಿ, ಪ್ರತಿ ಸಲವೂ ಪ್ರೈಮ್ ಬೀಳುತ್ತದೆ. ಕ್ರ್ಯಾಂಕ್ ಮಾಡುವಾಗ ಸ್ಕ್ರೀನಿನಲ್ಲಿ ಆರ್‌ಪಿಎಂ ಕಾಣಬೇಕು. ಕಾಣದಿದ್ದರೆ ನಿಲ್ಲಿಸಿ, ಸಿಗ್ನಲ್ ವೈರ್ ನೋಡಿ.

ಸ್ಟಾರ್ಟ್ ಆದ ಮೇಲೆ ಸ್ಕ್ರೀನಿನ ಆರ್‌ಪಿಎಂ ಮತ್ತು ಡ್ಯಾಶ್‌ಬೋರ್ಡ್ ಟ್ಯಾಕೋ ಹೊಂದುತ್ತವೆಯೇ ನೋಡಿ. ಪೂರ್ತಿ ಬಿಸಿಯಾದ ಮೇಲೆ ಥ್ರಾಟಲ್ ಸ್ಕ್ರೂ ತಿರುಗಿಸಿ, ಐಡಲ್ ಗಾಳಿ ವಾಲ್ವ್ 2ರಿಂದ 10 ಶೇಕಡಾ ಒಳಗೆ ಬರುವಂತೆ ಮಾಡಿ. ಆಮೇಲೆ ಕೀ ಆಫ್ ಮಾಡಿ ಆನ್ ಮಾಡಿದರೆ ಥ್ರಾಟಲ್ ಸೆನ್ಸರ್ ಹೊಸ ಸೊನ್ನೆ ಹಿಡಿದುಕೊಳ್ಳುತ್ತದೆ.

ಈಗ ಸೆನ್ಸರ್ ನಿಜ ಹೇಳುತ್ತಿದೆಯೇ ಅಂತ ಪರೀಕ್ಷೆ. ಐಡಲ್ ಗುರಿಗೆ ಬೀಳುತ್ತಿರುವ ಪೆಟ್ರೋಲನ್ನು ಕೈಯಾರೆ ಸ್ವಲ್ಪ ಇಳಿಸಿ. ಸ್ಕ್ರೀನ್ 15, 16 ಅಂತ ಲೀನ್ ತೋರಿಸುತ್ತಿದ್ದರೂ, ಪೆಟ್ರೋಲ್ ಇಳಿಸಿದಾಗ ಎಂಜಿನ್ ಸದ್ದು ಹದವಾಗಿ ಆರ್‌ಪಿಎಂ ಏರಿದರೆ, ಆ ಓದು ಸುಳ್ಳು. ಎಕ್ಸಾಸ್ಟ್ ಹಿಂದೆ ನಿಂತರೆ ಕಣ್ಣು ಉರಿಯುತ್ತದೆ, ಅದು ಉರಿಯದ ಪೆಟ್ರೋಲ್. ಹೀಗಿದ್ದರೆ ಆರನೇ ಹಂತಕ್ಕೆ ವಾಪಸ್. ಸೋರಿಕೆ, ಏರ್ ಪಂಪ್, ಲೀಡಿಂಗ್ ಪ್ಲಗ್‌ಗಳನ್ನು ಇನ್ನೊಮ್ಮೆ ನೋಡಿ.

ಎಂಜಿನ್ ಮುಳುಗಿಬಿಟ್ಟರೆ ಸುಮ್ನೆ ಕ್ರ್ಯಾಂಕ್ ಮಾಡುತ್ತಾ ಬ್ಯಾಟರಿ ಇಳಿಸಬೇಡಿ. ಪಂಪಿನ ಫ್ಯೂಸ್ ತೆಗೆಯಿರಿ, ಇಗ್ನಿಷನ್ ಕಾಯಿಲ್‌ಗಳ ಪವರ್ ಕಳಚಿ, ಎರಡೂ ಲೀಡಿಂಗ್ ಪ್ಲಗ್ ಬಿಚ್ಚಿ, ಐದೈದು ಸೆಕೆಂಡು ಕ್ರ್ಯಾಂಕ್ ಮಾಡಿ. ಒಳಗಿನ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ, ಹತ್ತಿರ ಕಿಡಿ ಇರಬಾರದು. ತೊಳೆದುಹೋದ ಸೀಲ್‌ಗಳಿಗಾಗಿ ಪ್ರತಿ ರಂಧ್ರಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಣಗಿಸಿದ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಕೆಲವು ನಿಮಿಷ ಬಿಳಿ ಹೊಗೆ ಬರುತ್ತದೆ, ಹೆದರಬೇಡಿ.

## 10. ಕಲಿಸುವ ಓಟ

ಇನ್ನು ಕಲಿಕೆ ಆನ್ ಮಾಡಬಹುದು, ಆದರೆ ಬೇಲಿ ಹಾಕಿ. ಐಡಲ್ ಭಾಗದಲ್ಲಿ, ಸುಮಾರು 1500 ಆರ್‌ಪಿಎಂಗಿಂತ ಕೆಳಗೆ, ಕಲಿಕೆ ಬೇಡ. ತಿದ್ದುಪಡಿಯ ಮಿತಿ ಶೇಕಡಾ 10ರ ಆಸುಪಾಸು ಇರಲಿ. ಆಕ್ಸಿಲರೇಟರ್ ಬಿಟ್ಟು ಇಳಿಯುವಾಗಿನ ಭಾಗದಲ್ಲೂ ಬೇಡ. ಆಗ ರೋಟರಿ ಪಟಪಟ ಹೊಡೆಯುತ್ತದೆ, ಸೆನ್ಸರ್ ಅದನ್ನೂ ಲೀನ್ ಅನ್ನುತ್ತದೆ. ಈ ಮಿತಿಗಳು ಕೈಯಲ್ಲಿ ಹಿಡಿಯುವ ಪುಟ್ಟ ಸ್ಕ್ರೀನಿನಲ್ಲಿ ಸಿಗದಿದ್ದರೆ ಲ್ಯಾಪ್‌ಟಾಪ್ ಸಾಫ್ಟ್‌ವೇರಿನಲ್ಲಿ ಹುಡುಕಿ.

ಕೂಲೆಂಟ್ ಸುಮಾರು 71 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಹಲವು ಕಿಟ್‌ಗಳು ಕಲಿಯುವುದೇ ಇಲ್ಲ. ಆದ್ದರಿಂದ ಪೂರ್ತಿ ಬಿಸಿ ಮಾಡಿಯೇ ಹೊರಡಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ 2000, 2500, 3000 ಹೀಗೆ ಒಂದೊಂದು ವೇಗದಲ್ಲಿ ಅಲುಗದೆ ಓಡಿಸಿ. ಆಮೇಲೆ ಸಣ್ಣ ಏರು. ಪಕ್ಕದಲ್ಲಿ ಇನ್ನೊಬ್ಬರು ಕೂತು ಸ್ಕ್ರೀನ್ ನೋಡಲಿ. ಪ್ರತಿ ಓಟದ ನಂತರ ಕಲಿಕೆಯ ಟೇಬಲ್ ತೆರೆಯಿರಿ. ಅಕ್ಕಪಕ್ಕದ ಚೌಕಗಳು ನಯವಾಗಿ ಏರಿಳಿಯಬೇಕು. ಒಂದರಲ್ಲಿ +3, ಪಕ್ಕದಲ್ಲಿ +25 ಅಂದರೆ ಅದು ಕಲಿಕೆಯಲ್ಲ, ಅಲ್ಲೊಂದು ಸೋರಿಕೆಯೋ ಮಿಸ್‌ಫೈರೋ ಇದೆ.

ಪೂರ್ತಿ ಆಕ್ಸಿಲರೇಟರ್ ಕೊನೆಗೆ. ಲೋಡ್‌ನಲ್ಲಿ ಓದು 13 ದಾಟಿದರೆ ತಕ್ಷಣ ಕಾಲು ತೆಗೆಯಿರಿ. ನಾಕ್ (ಮಿಶ್ರಣ ಹದ ತಪ್ಪಿ ಸಿಡಿಯುವ) ಸದ್ದು ಬರಲಿ ಅಂತ ಕಾಯಬೇಡಿ. ರೋಟರಿಯಲ್ಲಿ ಅದು ಕಿವಿಗೆ ಬೀಳುವಷ್ಟರಲ್ಲಿ ಅಪೆಕ್ಸ್ ಸೀಲ್‌ನ ಮೂಲೆ ಮುರಿದಿರುತ್ತದೆ.

ಟೇಬಲ್ ನೆಲೆಗೊಂಡ ಮೇಲೆ ಕಲಿತದ್ದನ್ನು ಮೂಲ ಟೇಬಲ್‌ಗೆ ಸೇರಿಸಿ, ಫೈಲ್ ಉಳಿಸಿ, ಕಲಿಕೆ ಆಫ್ ಮಾಡಿ. ಸದಾ ಆನ್ ಇಟ್ಟರೆ ಮುಂದೆ ಸೆನ್ಸರ್ ಹಳತಾದ ದಿನ ಅದು ಮೊದಲಿನ ಒಳ್ಳೆ ಅಂಕಿಗಳನ್ನೂ ಕೆಡಿಸುತ್ತದೆ.

## ಓಡಿಸುವಾಗ ಗಮನಿಸಬೇಕಾದ ಸೂಚನೆಗಳು

ಬಿಸಿ ಎಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಮುಗ್ಗರಿಸುತ್ತಿದೆ: ಶಾಖಕ್ಕೆ ಪೆಟ್ರೋಲ್ ಕುದಿಯುತ್ತಿದೆ. ಐದನೇ ಹಂತದ ಶೀಲ್ಡ್ ನೋಡಿ.

ತಿದ್ದುಪಡಿ ಯಾವಾಗಲೂ ಮೇಲಿನ ಮಿತಿಗೆ ಅಂಟಿಕೊಂಡಿದೆ, ಪ್ಲಗ್ ಮಾತ್ರ ಕಪ್ಪು: ಎಕ್ಸಾಸ್ಟ್‌ಗೆ ಗಾಳಿ ಸೇರುತ್ತಿದೆ.

ತಿದ್ದುಪಡಿ ಮೇಲಿನ ಮಿತಿಯಲ್ಲಿದೆ, ಪ್ಲಗ್ ಬೂದು-ಬಿಳಿ: ಈ ಸಲ ನಿಜವಾಗಿಯೂ ಲೀನ್. ಫಿಲ್ಟರ್, ಪಂಪ್, ಒತ್ತಡ ನೋಡುವವರೆಗೆ ಗಾಡಿ ಓಡಿಸಬೇಡಿ.

ಆರ್‌ಪಿಎಂ ಒಮ್ಮೆಲೆ 9000ಕ್ಕೆ ಹಾರಿ ವಾಪಸ್ ಬರುತ್ತದೆ: ಇಗ್ನಿಷನ್ ಗದ್ದಲ ಸಿಗ್ನಲ್‌ಗೆ ಸೇರುತ್ತಿದೆ. ಪ್ಲಗ್ ವೈರ್ ಮತ್ತು ಗ್ರೌಂಡ್ ಮತ್ತೆ ಪರಿಶೀಲಿಸಿ.

ಐಡಲ್‌ನಲ್ಲಿ ಒಂದೇ ಲಯದ ಕುಂಟು ಬಡಿತ, ಬಿಸಿಯಾದಾಗ ಸ್ಟಾರ್ಟ್ ಕಷ್ಟ: ಸ್ಕ್ರೀನ್ ಬಿಟ್ಟು ಕಂಪ್ರೆಶನ್ ಟೆಸ್ಟರ್ ತೆಗೆಯಿರಿ.